ಗಂಟೆ ಹೊಡೆದಾಗ ಅವನು ನೋಡಿದ್ದು

ಜನವರಿಯ ಒಂದು ಭಾನುವಾರ ದಾವಣಗೆರೆಯಿಂದ ಹರಿಹರಕ್ಕೆ ಹೊರಟವರು ನಾವು ಐದು ಜನ. ಅಜ್ಜಿ, ಅಣ್ಣ, ಅತ್ತಿಗೆ, ಅವರ ಮೂರು ವರ್ಷದ ಮಗ ಪುಟ್ಟ, ಮತ್ತು ನಾನು. ಅಪ್ಪ ಅಮ್ಮ ಹದಡಿಯಲ್ಲಿ ನೆಂಟರ ಮದುವೆಗೆ ಹೋಗಿದ್ದರು. ನಾವು ನೋಡಲು ಹೊರಟಿದ್ದು ಊರ ಅಂಚಿನ ಹಳೆಯ ಚರ್ಚೊಂದರ ಗಂಟೆ ಗೋಪುರ. ರಿಪೇರಿ ಮುಗಿದ ಮೇಲೆ ಭಾನುವಾರದ ಪ್ರಾರ್ಥನೆಯ ನಂತರ ಜನರನ್ನು ಸಣ್ಣ ಸಣ್ಣ ಗುಂಪಾಗಿ ಮೇಲಕ್ಕೆ ಬಿಡುತ್ತಾರೆ ಎಂದು ಅಣ್ಣನ ಅಂಗಡಿಯ ಗಿರಾಕಿಯೊಬ್ಬರು ಹೇಳಿದ್ದರು. ಓಣಿಯಲ್ಲಿ ಕೇಳಿದವರಿಗೆಲ್ಲ ಸುಮ್ಮನೆ ಸುತ್ತಾಡಿ ಬರಲು ಹೊರಟಿದ್ದೇವೆ ಎಂದೆವು. ನನ್ನ ದಿನಚರಿಯಲ್ಲೂ ಹಿಂದಿನ ದಿನ ಅಷ್ಟೇ ಬರೆದಿದ್ದೆ: ನಾಳೆ ಹರಿಹರ, ಗಂಟೆ ಗೋಪುರ, ಬುತ್ತಿ ಮನೆಯದೇ.

ಹೊರಟ ಕಾರಣ ಬೇರೆ ಇತ್ತು. ಮೂರು ತುಂಬಿದರೂ ಪುಟ್ಟನಿಗೆ ಮಾತು ಬಂದಿರಲಿಲ್ಲ. ಅವ್ವ ಎನ್ನುತ್ತಿದ್ದ, ಬಾ ಎನ್ನುತ್ತಿದ್ದ, ಉಳಿದದ್ದಕ್ಕೆಲ್ಲ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದ. ದೀಪಾವಳಿಯಾದ ಮೇಲೆ ಒಂದು ದಿನ ಅಂಗನವಾಡಿ ಟೀಚರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ಮಗುವಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ಕೇಳಿದರು. ಅತ್ತಿಗೆ ನನಗಿಂತ ಮೂರೇ ವರ್ಷ ದೊಡ್ಡವಳು, ಏನಿದ್ದರೂ ಮೊದಲು ನನಗೆ ಹೇಳುವವಳು. ಅವತ್ತು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಇದನ್ನು ಹೇಳಿ, "ಹೆಂಗೂ ದಿನಾ ಬರೀತೀಯಲ್ಲ, ಇವನು ಆಡಿದ ಮಾತನ್ನೂ ಬರ್ಕೊ" ಅಂದಳು. ನಾನು ಪುಟದಲ್ಲಿ ಗೆರೆ ಹಾಕಿ, ಮಾತಿಗೊಂದು ಸಾಲು ಮಾಡಿ, ಅವನು ಅಂದಾಗಲೆಲ್ಲ ಒಂದು ಕಡ್ಡಿ ಎಳೆಯುತ್ತಾ ಬಂದೆ. ಅಜ್ಜಿ ಆಗಾಗ ಬಂದು, ಈಗ ತಾತ ಅಂದ, ಬರಿ, ಎನ್ನುತ್ತಿದ್ದಳು. ನಾನು ಕೇಳಿರದ ಮಾತನ್ನು ಬರೆಯುತ್ತಿರಲಿಲ್ಲ. ಅದಕ್ಕೆ ಅವಳಿಗೆ ಸಿಟ್ಟು. ತಿಂಗಳು ಕಳೆದರೂ ಆ ಕಡ್ಡಿಗಳಿಂದ ನಮಗೆ ಏನೂ ತಿಳಿಯಲಿಲ್ಲ. ಅವನು ಎಷ್ಟು ಆಡಿದ ಎಂದು ನಾನು ಎಣಿಸುತ್ತಿದ್ದೆ. ಎಷ್ಟು ಕೇಳಿಸಿಕೊಂಡ ಎಂದು ಎಣಿಸುವುದು ಹೇಗೆ ಎಂದು ಹೊಳೆದಿರಲಿಲ್ಲ.

ಕೊನೆಗೆ ಅತ್ತಿಗೆಯೇ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಹೋಗಿ ಕಿವಿ ಪರೀಕ್ಷೆಗೆ ಹೆಸರು ಬರೆಸಿ ಬಂದಳು. ಸೋಮವಾರ ಬನ್ನಿ ಎಂದಿದ್ದರು. ಅಜ್ಜಿಗೆ ಇದು ತಿಳಿದದ್ದೇ ಮನೆ ಬಿಸಿಯಾಯಿತು. ನಮ್ಮ ವಂಶದಲ್ಲಿ ಕಿವುಡರೇ ಇಲ್ಲ ಎಂದಳು. ಅಣ್ಣನನ್ನು ತೋರಿಸಿ, "ಇವನಿಗೂ ಐದು ತುಂಬಾತನಕ ಮಾತೇ ಬಂದಿರ್ಲಿಲ್ಲ. ಈಗ ನೋಡು, ಮಂಡಿಪೇಟೆ ತುಂಬ ಇವನದೇ ಬಾಯಿ" ಎಂದಳು. ಅಣ್ಣ ಮಂಡಿಪೇಟೆಯ ಸಗಟು ಕಿರಾಣಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹಮಾಲರನ್ನು ಕೂಗಿ ಕೂಗಿ ಅವನ ದನಿ ಓಣಿಗೆಲ್ಲ ಪರಿಚಿತ. ಆ ಮಾತಿಗೆ ಅವನು ನಕ್ಕ. ನಗಲು ಸಿಕ್ಕಿದ್ದೇ ಅವನಿಗೆ ಸಮಾಧಾನವಾದ ಹಾಗಿತ್ತು.

ಮಾತು ತಡವಾದ ಮಕ್ಕಳಿಗೆ ಗುಡಿಯ ಗಂಟೆಯ ಮೇಲೆ ನೀರು ಸುರಿದು, ಅಂಚಿನಿಂದ ತೊಟ್ಟಿಕ್ಕುವ ನೀರನ್ನು ಬಟ್ಟಲಲ್ಲಿ ಹಿಡಿದು ಕುಡಿಸುವುದು ಅಜ್ಜಿಗೆ ಗೊತ್ತಿದ್ದ ಮದ್ದು. ಹದಡಿಯಲ್ಲಿ ಕುಡಿಸಿದ್ದಳು, ನಂದಿಗುಡಿಗೆ ಕರೆದುಕೊಂಡು ಹೋಗಿ ಅಲ್ಲೂ ಕುಡಿಸಿದ್ದಳು. ಮಾತು ಬಾರದಿದ್ದಾಗ ಅವಳು ಅನುಮಾನಪಟ್ಟಿದ್ದು ಮದ್ದನ್ನಲ್ಲ, ಗಂಟೆಯ ಗಾತ್ರವನ್ನು. ಹರಿಹರದ ಗೋಪುರದ ಸುದ್ದಿ ಬಂದದ್ದು ಆಗಲೇ. ಆಳೆತ್ತರದ ಗಂಟೆ ಎಂದು ಗಿರಾಕಿ ಹೇಳಿದ್ದರಂತೆ.

ಶನಿವಾರ ಊಟಕ್ಕೆ ಕೂತಾಗ ಅವಳು ಅತ್ತಿಗೆಯ ಮುಂದೆ ಒಂದು ಕರಾರು ಇಟ್ಟಳು. "ಆ ಗಂಟಿ ಹೊಡೆದಾಗ ಕೂಸು ತಿರುಗಿ ನೋಡಿದ್ರೆ ಆಸ್ಪತ್ರೆ ಮಾತು ಎತ್ತಬ್ಯಾಡ. ನಾಕು ತುಂಬಲಿ. ನೋಡ್ಲಿಲ್ಲ ಅಂದ್ರೆ ಸೋಮವಾರ ನಾನೇ ಹೊತ್ಕೊಂಡು ಬರ್ತೀನಿ."

ಅತ್ತಿಗೆ, ಆಗ್ಲಿರಿ ಅಜ್ಜಿ, ಎಂದಳು. ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು.

ಬಸ್ಸಿನಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ. ಅಣ್ಣ ಎರಡು ಸಲ ಸೀಟು ಬದಲಿಸಿದ. ಅಜ್ಜಿ ಕಾಲಡಿಯ ಚೀಲದಲ್ಲಿದ್ದ ತಾಮ್ರದ ಚೊಂಬನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅತ್ತಿಗೆ ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಹೆಬ್ಬೆರಳು ಅವನ ಕಿವಿಯ ಹಿಂದೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಲಾರಿಯೊಂದು ಪಕ್ಕದಲ್ಲೇ ಹಾರ್ನ್ ಹಾಕಿತು. ಪುಟ್ಟ ತಲೆ ಎತ್ತಿದ. ಅತ್ತಿಗೆಯ ಹೆಬ್ಬೆರಳು ನಿಂತಿತು. ಅವನು ಹಾರ್ನಿಗೆ ಎತ್ತಿದನೋ, ಕಿಟಕಿಗೆ ಅಡ್ಡ ಬಂದ ಲಾರಿಯ ಕೆಂಪು ಬಣ್ಣಕ್ಕೆ ಎತ್ತಿದನೋ ಹೇಳಲಾಗುತ್ತಿರಲಿಲ್ಲ. ಎರಡು ತಿಂಗಳಿಂದ ನಮ್ಮ ಮನೆ ಹೀಗೇ ಆಗಿತ್ತು. ಒಂದು ಪಾತ್ರೆ ಬಿದ್ದರೆ ಪಾತ್ರೆಯನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಅವನ ಮುಖ ನೋಡುತ್ತಿದ್ದೆವು.

ಗೋಪುರದ ಬುಡದಲ್ಲಿ ಹತ್ತಿಪ್ಪತ್ತು ಜನ ಸಾಲು ನಿಂತಿದ್ದರು. ಬಾಗಿಲಲ್ಲಿದ್ದ ಗಂಟೆಯಾಳು ಐವತ್ತರ ಆಸುಪಾಸಿನ ಮನುಷ್ಯ. ಹನ್ನೆರಡಕ್ಕೆ ಗಂಟೆ ಹೊಡೆಯುವಾಗ ನಾವು ಗಂಟೆಯ ಹಗ್ಗ ಎಳೆಯುವ ಕೋಣೆಯಲ್ಲೇ ಇರಬಹುದೇ ಎಂದು ಅಣ್ಣ ಕೇಳಿದ. ಇರಬಹುದು, ಗಂಟೆ ಅದರ ಮೇಲಿನ ಅಂತಸ್ತಿನಲ್ಲಿದೆ, ಆದರೂ ಮಕ್ಕಳ ಕಿವಿ ಮುಚ್ಚಿ ಎಂದ. ಅಜ್ಜಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಚರ್ಚಿನ ಕಡೆ ಕೈ ಮುಗಿದು ಬಂದು ಚೀಲದಿಂದ ಚೊಂಬು ತೆಗೆದಳು. ಗಂಟೆಯಾಳಿಗೆ ಅದು ಹೊಸದಾಗಿರಲಿಕ್ಕಿಲ್ಲ.

"ಗಂಟಿ ಮೇಲೆ ನೀರು ಹಾಕಂಗಿಲ್ಲ ಅಮ್ಮಾರೆ. ಅಲ್ಲಿಗೆ ಯಾರನ್ನೂ ಬಿಡಂಗಿಲ್ಲ."

"ಒಂದು ಚೊಂಬಪ್ಪ. ಕೂಸಿಗೆ."

"ಒಂದು ಚೊಂಬು ಅಂತ ಎಲ್ರೂ ಅಂತಾರೆ. ಸಂಜಿಗೆ ಮೆಟ್ಲೆಲ್ಲ ಕೆರೆ ಆಗಿರ್ತತೆ."

ಸಾಲಿನಲ್ಲಿದ್ದವರು ನಕ್ಕರು. ಅಜ್ಜಿ ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಚೊಂಬನ್ನು ಚೀಲಕ್ಕೆ ಸೇರಿಸಿ, ನೀರು ಹೋಗಲಿ, ಸದ್ದಾದರೂ ಬೀಳಲಿ ಕಿವಿಗೆ, ಎಂದಳು.

ಮೆಟ್ಟಿಲು ಕಲ್ಲಿನವು, ಇಕ್ಕಟ್ಟು, ಸುತ್ತಿಕೊಂಡು ಏರುವಂಥವು. ಒಬ್ಬರ ಹಿಂದೆ ಒಬ್ಬರೇ ಹತ್ತಬೇಕು. ಪಾರಿವಾಳದ ಹಿಕ್ಕೆಯ ವಾಸನೆ, ಹೊಸ ಸುಣ್ಣದ ವಾಸನೆ ಎರಡೂ ಕೂಡಿತ್ತು. ಅಜ್ಜಿ ಮಂಡಿ ಹಿಡಿದುಕೊಂಡು ಪ್ರತಿ ಕಿಂಡಿಯ ಹತ್ತಿರವೂ ನಿಲ್ಲುತ್ತಿದ್ದಳು. ನಿಂತಾಗ ಕಿಂಡಿಯಲ್ಲಿ ಭತ್ತದ ಗದ್ದೆ, ಹೊಳೆಯ ಒಂದು ತುಂಡು, ಗೋದಾಮುಗಳ ತಗಡಿನ ಮಾಡು ಕಾಣುತ್ತಿದ್ದವು. ಬೇರೆ ದಿನವಾಗಿದ್ದರೆ ನಾನು ಒಂದೊಂದನ್ನೂ ಗುರುತಿಟ್ಟುಕೊಳ್ಳುತ್ತಿದ್ದೆ. ಅವತ್ತು ಹನ್ನೆರಡಕ್ಕೆ ಎಷ್ಟು ಹೊತ್ತಿದೆ ಎಂದು ಫೋನು ನೋಡುವುದೇ ಆಯಿತು.

ಹಗ್ಗದ ಕೋಣೆಗೆ ಹಲಗೆಯ ನೆಲ. ಚಾವಣಿಯ ತೂತಿನಿಂದ ಮುಂಗೈ ದಪ್ಪದ ಹಗ್ಗ ಇಳಿಬಿದ್ದಿತ್ತು. ಕಾಲೇಜು ಹುಡುಗರು ಮೂರು ನಾಲ್ಕು ಮಂದಿ ಹಗ್ಗದ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಗಂಟೆಯಾಳು ಬಂದು ಅವರನ್ನು ಸರಿಸಿದ. ಅಜ್ಜಿ ಪುಟ್ಟನನ್ನು ಅತ್ತಿಗೆಯ ಕಂಕುಳಿಂದ ಇಳಿಸಿಕೊಂಡು, ಹಗ್ಗಕ್ಕೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿದಳು. ಎಳೆಯುವುದು ಅವನಿಗೆ ಕಾಣಬಾರದು. ಮುಟ್ಟಿದರೆ ಮೋಸವಾಗುತ್ತದೆ ಎಂದು ಅವನ ಕೈಯನ್ನೂ ಬಿಟ್ಟಳು. ನಮಗೂ ದೂರ ನಿಲ್ಲಿ ಎಂದು ಸನ್ನೆ ಮಾಡಿದಳು. ಅಜ್ಜಿಯ ಹಟ ಎಂಥದಿದ್ದರೂ ಅವಳು ಆಟದಲ್ಲಿ ಮೋಸ ಮಾಡುವವಳಲ್ಲ. ಅವನ ಕಿವಿ ಮುಚ್ಚಿ ಅಂದಿದ್ನಲ್ಲಾ, ಎಂದು ಗಂಟೆಯಾಳು ಕೇಳಿದ. ಇರಲಿ ಬಿಡಪ್ಪ, ಎಂದಳು ಅಜ್ಜಿ. ಅತ್ತಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳ ತುಟಿ ಅಲುಗುತ್ತಿತ್ತು.

ಮೊದಲ ಎಳೆತಕ್ಕೆ ಸದ್ದೇ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೇಲೆಲ್ಲೋ ಮರ ಕಿರುಗುಟ್ಟಿತು. ಮೂರನೆಯ ಎಳೆತಕ್ಕೆ ಗಂಟೆ ಹೊಡೆಯಿತು.

ನಾನು ಕಿವಿ ಮುಚ್ಚಿಕೊಂಡರೂ ಹಲ್ಲಿನಲ್ಲಿ ಕೇಳಿಸಿತು. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಕತ್ತೆತ್ತಿ ಚಾವಣಿ ನೋಡಿದರು. ಪುಟ್ಟ ಕೆಳಗೆ ನೋಡಿದ. ತನ್ನ ಪಾದ ನೋಡಿಕೊಂಡ. ಒಂದು ಕಾಲು ಎತ್ತಿ, ಹಲಗೆಯ ಮೇಲೆ ಮೆಲ್ಲಗೆ ಇಟ್ಟು, ಇನ್ನೊಂದನ್ನು ಎತ್ತಿದ. ಆಮೇಲೆ ತಿರುಗಿ ನಮ್ಮನ್ನೆಲ್ಲ ನೋಡಿದ, ನಾವು ಎಲ್ಲಿ ನೋಡುತ್ತಿದ್ದೇವೆ ಎಂದು ನೋಡಿದ, ತಾನೂ ಚಾವಣಿಯ ಕಡೆ ಮುಖ ಎತ್ತಿದ.

ಗಂಟೆ ನಿಂತ ಮೇಲೂ ಕೋಣೆ ಗುಂಯ್‌ಗುಡುತ್ತಿತ್ತು. ಅಜ್ಜಿ ಪುಟ್ಟನನ್ನು ಬಾಚಿ ಎತ್ತಿಕೊಂಡಳು. ಮಂಡಿ ನೋವು ಎಲ್ಲಿ ಹೋಯಿತೋ. ಗುರುತಿಲ್ಲದ ಆ ಕಾಲೇಜು ಹುಡುಗರಿಗೂ, ನೋಡಿದ್ರೇನಪ್ಪ, ಮ್ಯಾಲೆ ನೋಡ್ದ, ಎಂದು ಹೇಳಿದಳು. ಅವರು ಏನೂ ತಿಳಿಯದೆ ಹೌದು ಅಜ್ಜಿ ಎಂದರು. ಅಣ್ಣ ಮುಖ ಒರೆಸಿಕೊಂಡ. ಅತ್ತಿಗೆ ಕಣ್ಣು ಬಿಟ್ಟು ಮೊದಲು ನೋಡಿದ್ದು ನನ್ನನ್ನು. ನನಗೆ ಹೂಂ ಎಂದು ತಲೆಯಾಡಿಸಲೂ ಆಗಲಿಲ್ಲ.

ನನಗೆ ನಮ್ಮ ಮನೆ ನೆನಪಾಗಿತ್ತು. ಮಂಡಿಪೇಟೆಯ ಹಿಂದಿನ ಓಣಿಯ ಹಳೇ ಮನೆ, ನಾವಿರುವುದು ಮಹಡಿಯಲ್ಲಿ, ನೆಲವೂ ಮೆಟ್ಟಿಲೂ ಮರದ್ದು. ಸಂಜೆ ಅಣ್ಣ ಮೆಟ್ಟಿಲು ಹತ್ತಿದರೆ ಪುಟ್ಟ ಆಟ ಬಿಟ್ಟು ಬಾಗಿಲಿಗೆ ಓಡುತ್ತಾನೆ. ಅಪ್ಪನ ಹೆಜ್ಜೆ ಸದ್ದು ಗುರುತಿಸ್ತಾನೆ, ಇವನಿಗ್ಯಾಕೆ ಕಿವಿ ಪರೀಕ್ಷೆ, ಎಂದು ಅಜ್ಜಿ ದಿನಾ ಹೇಳುತ್ತಿದ್ದುದೇ ಅದನ್ನು. ನಾವೂ ನಂಬಿದ್ದೆವು. ನಮ್ಮ ಮನೆಯಲ್ಲಿ ಯಾರು ಓಡಾಡಿದರೂ ನೆಲ ಅಲುಗುತ್ತದೆ. ಹುಟ್ಟಿದಾಗಿನಿಂದ ಅದರ ಮೇಲೇ ಬದುಕಿದವರಿಗೆ ಆ ಅಲುಗಾಟ ಲೆಕ್ಕಕ್ಕೇ ಬರುವುದಿಲ್ಲ.

ಇಳಿಯುವಾಗ ನಾನು ಮುಂದಿದ್ದೆ. ಪುಟ್ಟ ನನ್ನ ಮೇಲಿನ ಮೆಟ್ಟಿಲುಗಳಲ್ಲಿ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದ. ಬಿದ್ದಾನೆಂದು ನಾನು ಅವನ ಕಡೆ ಮುಖ ಮಾಡಿ ಹಿಮ್ಮುಖವಾಗಿ ಇಳಿಯುತ್ತಿದ್ದೆ. ಅವನ ಹಿಂದೆ ಅತ್ತಿಗೆ. ಅಣ್ಣ ಅಜ್ಜಿಯನ್ನು ಕರೆದುಕೊಂಡು ಇನ್ನೂ ಮೇಲಿನ ತಿರುವಿನಲ್ಲೇ ಇದ್ದ. ಕಿಂಡಿಯಲ್ಲಿ ಪಾರಿವಾಳ ಕಂಡು ಪುಟ್ಟ ನಿಂತ. ಅತ್ತಿಗೆ ಹಿಂದಿನಿಂದ ಮೆಲ್ಲಗೆ, ಪುಟ್ಟ, ಎಂದಳು. ಅವನು ಪಾರಿವಾಳ ನೋಡುತ್ತಿದ್ದ. ಇನ್ನೊಮ್ಮೆ ಸ್ವಲ್ಪ ಜೋರಾಗಿ ಕರೆದಳು. ಮೂರನೆಯ ಸಲ ಅವಳು ಕರೆದದ್ದು ಆ ಕಲ್ಲಿನ ಸುರುಳಿಯಲ್ಲಿ ಕೆಳಗಿನವರೆಗೂ ಹೋಗಿ, ಬುಡದಲ್ಲಿದ್ದ ಯಾರೋ ಏನ್ರಿ ಎಂದು ಓಗೊಟ್ಟರು. ಪುಟ್ಟನ ಮುಖ ನನ್ನಿಂದ ಗೇಣು ದೂರದಲ್ಲಿತ್ತು. ರೆಪ್ಪೆ ಕೂಡ ಅಲುಗಲಿಲ್ಲ.

ಅತ್ತಿಗೆಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ನನ್ನ ಮುಖದಲ್ಲಿ ನೋಡಿಕೊಂಡಳು.

ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಅಜ್ಜಿ ಎಲ್ಲರಿಗೂ ಬಡಿಸುತ್ತಾ, ಅಣ್ಣನಿಗೆ ಈಗಲೇ ಆಸ್ಪತ್ರೆಗೆ ಫೋನು ಹಚ್ಚಿ ನಾಳೆ ಬರುವುದಿಲ್ಲವೆಂದು ಹೇಳು ಎಂದಳು. ಭಾನುವಾರ ಯಾರೂ ಎತ್ತಲಿಕ್ಕಿಲ್ಲ ಎಂದುಕೊಂಡೇ ಅಣ್ಣ ಫೋನು ತೆಗೆದ. ಕರಾರಿಗೆ ಹೂಂ ಅಂದವಳು ಅತ್ತಿಗೆ; ಅದನ್ನು ಮುರಿಯುವ ಮಾತು ಅವಳಿಂದ ಬರುವಂತಿರಲಿಲ್ಲ. ನಾನು ಹೇಳಿದೆ.

"ಗಂಟೆ ಹೊಡೆದಾಗ ಅವನು ಮೊದಲು ಮೇಲೆ ನೋಡ್ಲಿಲ್ಲ ಅಜ್ಜಿ. ಕಾಲು ನೋಡ್ಕೊಂಡ. ನಾವೆಲ್ಲ ಮೇಲೆ ನೋಡಿದ್ದಕ್ಕೆ ಅವನೂ ನೋಡಿದ."

ಅಜ್ಜಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಹೆದರಿದ ಮಗು ಕೆಳಗೇ ನೋಡುತ್ತದೆ ಎಂದಳು. ನಾನು ಮೆಟ್ಟಿಲಿನ ಸಂಗತಿ ಹೇಳಿದೆ. ಪಾರಿವಾಳ ಕಂಡರೆ ಯಾವ ಮಗು ಅವ್ವನ ಮಾತು ಕೇಳುತ್ತದೆ ಎಂದಳು. ಎಲ್ಲಕ್ಕೂ ಅವಳಲ್ಲಿ ಉತ್ತರವಿತ್ತು, ಒಂದೊಂದೂ ನಿಜವಾಗಿರಬಹುದಾದ ಉತ್ತರವೇ. ಅಣ್ಣ ನನ್ನ ಮೇಲೆ ರೇಗಿದ.

"ನೀನೇನು ಡಾಕ್ಟ್ರಾ? ಕೂತು ಡೈರಿ ಬರೆಯೋದೊಂದು ಗೊತ್ತೈತೆ. ಇದ್ದ ಒಂದು ಖುಷೀನೂ ಹಾಳು ಮಾಡಬ್ಯಾಡ."

ಆಗ ಅತ್ತಿಗೆ ತಟ್ಟೆ ಕೆಳಗಿಟ್ಟಳು. ಅಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಮ್ಯಾಲೆ ನಾನು ಕಣ್ಣು ಮುಚ್ಕೊಂಡಿದ್ನಲ್ಲ ಅಜ್ಜಿ, ಏನು ಬೇಡ್ಕೊಂಡೆ ಗೊತ್ತೇನ್ರಿ? ಅವನು ತಿರುಗದಂಗೆ ಮಾಡಪ್ಪ ಅಂತ. ಕೇಳಿಸದೇ ಇರ್ಲಿ ಅಂತ. ಆಗ ನೀವು ನಾಳೆ ಕಳಿಸ್ತೀರಲ್ಲ, ಅದಕ್ಕೆ. ಹೆತ್ತೋಳು ಯಾರಾದ್ರೂ ಹಂಗೆ ಬೇಡ್ಕೊಂತಾರೇನ್ರಿ?"

ಪುಟ್ಟ ಮೊಸರನ್ನದ ಕೈಯನ್ನು ಅಜ್ಜಿಯ ಸೀರೆಗೆ ಒರೆಸಿದ. ಅಣ್ಣ ಫೋನನ್ನು ಜೇಬಿಗೆ ಹಾಕಿ, ಎದ್ದು, ಗೇಟಿನವರೆಗೆ ಹೋಗಿ ಬಂದ. ಮತ್ತೆ ಹೋದ.

ಹರಿಹರದ ಬಸ್ ನಿಲ್ದಾಣದಲ್ಲಿ ಅಣ್ಣ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತಂದ. ಯಾರೂ ಸರಿಯಾಗಿ ತಿನ್ನಲಿಲ್ಲ. ಬಸ್ಸು ಹತ್ತಿದಾಗ ಅತ್ತಿಗೆ, ಪುಟ್ಟ, ನಾನು ಮುಂದಿನ ಸೀಟಿನಲ್ಲಿ, ಅಜ್ಜಿ ಮತ್ತು ಅಣ್ಣ ಸರಿಯಾಗಿ ನಮ್ಮ ಹಿಂದೆ. ಬಸ್ಸು ಊರು ದಾಟಿದ ಮೇಲೆ ಹಿಂದಿನಿಂದ ಅಜ್ಜಿಯ ದನಿ ಬಂತು. ಪುಟ್ಟ. ಸ್ವಲ್ಪ ತಡೆದು ಮತ್ತೆ, ಪುಟ್ಟಾ. ಆಮೇಲೆ ಕೂಸೇ ಎಂದಳು, ನಮ್ಮಪ್ಪ ಎಂದಳು, ಬೆಲ್ಲ ಬೇಕಾ ಎಂದಳು. ಬಸ್ಸಿನ ಸದ್ದಿಗೆ ಕೇಳುವುದಿಲ್ಲವೇನೋ ಎಂದು ಬಸ್ಸು ನಿಂತಾಗ ಕಾದು ಕರೆದಳು. ನಾಲಿಗೆಯಲ್ಲಿ ಟೊಕ್ ಟೊಕ್ ಮಾಡಿದಳು. ಚೀಲದಿಂದ ಚೊಂಬು ತೆಗೆದು, ಬಳೆಯಿಂದ ಬಡಿದಳು. ಆಚೆ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ತಿರುಗಿ ನೋಡಿದ. ನಾನೂ ಅತ್ತಿಗೆಯೂ ತಿರುಗದೆ, ಅವನನ್ನು ಮುಟ್ಟದೆ, ಕಲ್ಲಿನ ಹಾಗೆ ಕೂತಿದ್ದೆವು. ಪುಟ್ಟ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸಿನ ನಡುಕಕ್ಕೆ ಕೈ ಅದುರುವುದನ್ನು ನೋಡಿ ನಗುತ್ತಿದ್ದ.

ದಾವಣಗೆರೆಯ ಕಟ್ಟಡಗಳು ಕಾಣುವ ಹೊತ್ತಿಗೆ ಅಜ್ಜಿ ಚೊಂಬನ್ನು ಚೀಲದೊಳಗಿಟ್ಟಳು. ಇಳಿಯುವಾಗ ಅಣ್ಣನಿಗೆ, "ಫೋನು ಹಚ್ಚಬ್ಯಾಡ" ಎಂದಳು. ಅಷ್ಟೇ.

ಸೋಮವಾರ ಅಂಗಡಿಯಲ್ಲಿ ರಜೆ ಸಿಗದೆ ಅಣ್ಣ ಬರಲಿಲ್ಲ. ಅಜ್ಜಿ ಮಾತ್ರ ಎಲ್ಲರಿಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಮಗು ನಿದ್ದೆಯಲ್ಲಿರುವಾಗಲೇ ಆ ಪರೀಕ್ಷೆ ಮಾಡಬೇಕಂತೆ. ತಲೆಗೆ ತಂತಿ ಅಂಟಿಸಿ, ಕಿವಿಗೆ ಸದ್ದು ಬಿಡುತ್ತಾರೆ. ಎಚ್ಚರವಿದ್ದರೆ ಮಕ್ಕಳು ತಂತಿ ಕಿತ್ತು ಹಾಕುತ್ತವೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಹುಡುಗಿ ಒಂದು ಸಿರಪ್ಪು ಕುಡಿಸಿ, ಮಲಗಿಸಿ ಎಂದು ಒಂದು ಸಣ್ಣ ಕೋಣೆ ತೋರಿಸಿದಳು. ಗಂಟೆಯ ಮಾತು ಅತ್ತಿಗೆ ಹೇಳಿದಾಗ ಅವಳು, ಅಷ್ಟು ದೊಡ್ಡ ಸದ್ದು ಮೈಗೆಲ್ಲ ತಾಗುತ್ತೆ, ಅದರಿಂದ ಏನೂ ಹೇಳೋಕಾಗಲ್ಲ, ಎಂದಳು. ಅಜ್ಜಿ ಅದನ್ನು ಕೇಳಿಸಿಕೊಂಡಳು.

ಪುಟ್ಟ ಮಲಗಲಿಲ್ಲ. ಅತ್ತಿಗೆ ಹೆಗಲಿಗೆ ಹಾಕಿಕೊಂಡು ಓಡಾಡಿದಳು, ನಾನು ಓಡಾಡಿದೆ. ನಮ್ಮ ಚಡಪಡಿಕೆಯೇ ಅವನಿಗೆ ಅಂಟಿತೋ ಏನೋ, ಇನ್ನಷ್ಟು ಕೊಸರಾಡಿದ. ಹೊರಗೆ ಸಾಲು ಬೆಳೆಯುತ್ತಿತ್ತು. ಇವತ್ತು ಮಲಗದಿದ್ದರೆ ಮುಂದಿನ ತಿಂಗಳು ಬರಬೇಕಾಗುತ್ತದೆ ಎಂದು ಹುಡುಗಿ ಬಾಗಿಲಲ್ಲಿ ನಿಂತು ಹೇಳಿ ಹೋದಳು. ಅಜ್ಜಿ ಕೈ ಚಾಚಿದಳು. ನೆಲದ ಮೇಲೆ ಕಾಲು ಚಾಚಿ ಕೂತು, ಅವನನ್ನು ಎದೆಗೆ ಅವಚಿಕೊಂಡು, ದಿನಾ ಹಾಡುವ ಜೋಗುಳ ಶುರು ಮಾಡಿದಳು. ಎರಡು ಸಾಲಾದ ಮೇಲೆ ದನಿ ನಿಂತಿತು. ಅವಳು ನಮ್ಮ ಮುಖ ನೋಡಿದಳು. ಇಷ್ಟು ದಿನ ಯಾರಿಗೆ ಹಾಡುತ್ತಿದ್ದೆ ಎಂದು ಆ ಕ್ಷಣ ಅವಳಿಗೆ ಅನ್ನಿಸಿತೆಂದು ನನಗೆ ಅನ್ನಿಸಿತು.

ದನಿ ನಿಂತ ಕೂಡಲೇ ಪುಟ್ಟ ತಲೆ ಎತ್ತಿದ. ಕಿವಿಯನ್ನಲ್ಲ, ಕೆನ್ನೆಯನ್ನು ಅವಳ ಎದೆಯಿಂದ ತೆಗೆದು, ಅಂಗೈಯಿಂದ ಅಲ್ಲಿ ತಟ್ಟಿದ. ಮತ್ತೆ ತಟ್ಟಿದ.

ಅಜ್ಜಿ ಮತ್ತೆ ಹಾಡಿದಳು, ಈ ಸಲ ಇನ್ನೂ ತಗ್ಗಿದ ದನಿಯಲ್ಲಿ, ಎದೆಯ ಆಳದಿಂದ. ಅವನು ಕೆನ್ನೆ ಒತ್ತಿಕೊಂಡು ಮಲಗಿದ. ಹುಡುಗಿ ತಂತಿಗಳನ್ನು ತಂದಳು.